ಜಕ್ಕೂರು ಗದ್ದೆಯ ಎರಡು ಮತ

ಅವನ ಪಾಡಿಗೆ ಅವನನ್ನು ಬಿಟ್ಟಿದ್ದರೆ ಮುನಿಶಾಮಪ್ಪ ಆ ಭಾನುವಾರ ಹೆಬ್ಬಾಳದ ಮಣ್ಣುವಿಜ್ಞಾನಿಗಳ ಸಂಘದಲ್ಲಿ ಕುರ್ಚಿ ಜೋಡಿಸಿ, ಕಾಫಿ ಹಂಚಿ, ಸಂಜೆಗೆ ಜಕ್ಕೂರಿನ ಮನೆಗೆ ಬಂದು ಮುದ್ದೆ ಉಣ್ಣುತ್ತಿದ್ದ. ಬೆಳಗ್ಗೆ ಒಲೆಯ ಬೂದಿಯನ್ನು ಮಂಕರಿಗೆ ತುಂಬುತ್ತಿದ್ದ ಹೆಂಡತಿ ಸೊಣ್ಣಮ್ಮ ಒಂದು ಮಾತು ಆಡಿಬಿಟ್ಟಳು.

"ಪಂಚಾಯ್ತಿ ಎಲೆಕ್ಷನ್ನಲ್ಲಿ ಗೆದ್ದೋರ ಇಂದೆ ಓಡಾಡಿ ನಮ್ಮಣ್ಣ ನೀರುಗಂಟಿ ಆದ. ನೀವು ಏಳು ವರ್ಷದಿಂದ ಅದೇ ಟೆಂಪರ್ವರಿ ಜವಾನ. ಇವತ್ತು ಅಲ್ಲೂ ಎಲೆಕ್ಷನ್ನಂತೆ. ಕೈಕಟ್ಕೊಂಡು ನಿಂತ್ಕಳಿ, ಇನ್ನೇಳು ವರ್ಷ ಇಂಗೇ ಇರಾನ."

ಅವಳ ಮಾತಿನಲ್ಲಿ ಸುಳ್ಳಿರಲಿಲ್ಲ. ಅವನನ್ನು ಕಾಯಂ ಮಾಡುವ ಫೈಲು ಸಿದ್ಧವಾಗಿ ಮೇಜಿನ ಮೇಲೆ ಮಲಗಿತ್ತು. "ಹೊಸ ಅಧ್ಯಕ್ಷರು ಬಂದು ಸಹಿ ಹಾಕಲಿ" ಎಂದು ಹಳೆಯ ಅಧ್ಯಕ್ಷರು ಜಾರಿಕೊಂಡಿದ್ದರು. ಆ ಹೊಸ ಅಧ್ಯಕ್ಷರು ಯಾರೆಂಬುದೇ ಈ ದಿನ ತೀರ್ಮಾನವಾಗಬೇಕಿತ್ತು.

ನಿಂತವರು ಇಬ್ಬರು. ಕಪ್ಪು ಮಣ್ಣಿನ ಪಂಡಿತರು ಡಾಕ್ಟರ್ ಖುರ್ಷೀದ್, ಕೆಂಪು ಮಣ್ಣಿನ ಪಂಡಿತರು ಡಾಕ್ಟರ್ ಕೃಷ್ಣಯ್ಯ. ಮುನಿಶಾಮಪ್ಪನಿಗೆ ಇಬ್ಬರೂ ದೇವರೇ. ಆದರೆ ಕೃಷ್ಣಯ್ಯನವರು ಮನೆದೇವರು. ಅದಕ್ಕೆ ಕಾರಣವಿತ್ತು. ಏಳು ವರ್ಷದ ಹಿಂದೆ, ಕೆಲಸಕ್ಕೆ ಸೇರಿದ ಮೊದಲ ದಿನ, ಅವನು ಕೆಸರುಗಾಲಲ್ಲಿ ಒಳಗೆ ಬಂದು ನೆಲವನ್ನೆಲ್ಲ ಗಲೀಜು ಮಾಡಿದ್ದ. ಬೈಗುಳ ಕಾಯುತ್ತ ನಿಂತಿದ್ದಾಗ ಕೃಷ್ಣಯ್ಯನವರು ಬಗ್ಗಿ, ಹೆಜ್ಜೆಗುರುತಿನಿಂದ ಒಂದು ಚಿಟಿಕೆ ಕೆಸರು ತೆಗೆದು, ಬೆರಳಲ್ಲಿ ಉಜ್ಜಿ, ನಾಲಗೆಯ ತುದಿಗೆ ಮುಟ್ಟಿಸಿದ್ದರು.

"ಜಕ್ಕೂರು ಕೆರೆ ಕೆಳಗಿನ ಗದ್ದೆ. ಹೋದ ಬೇಸಿಗೇಲಿ ಕೆರೆಗೋಡು ಮಣ್ಣು ಹೊಡೆದಿದ್ದೀಯ. ಒಲೆ ಬೂದಿ ಹಾಕ್ತೀಯ. ಆ ಕಡೆ ಬೂದಿ ಹಾಕೋರು ನೀನೊಬ್ಬನೇ ಇರ್ಬೇಕು."

ಹೆತ್ತ ತಾಯಿಗೂ ಗೊತ್ತಿಲ್ಲದ್ದನ್ನು ಕಾಲಿನ ಕೆಸರು ಹೇಳಿಬಿಟ್ಟಿತ್ತು! ಅಂದು ಜುಮ್ಮೆಂದ ಮೈ ಮುನಿಶಾಮಪ್ಪನಿಗೆ ಇನ್ನೂ ಪೂರ್ತಿ ಇಳಿದಿರಲಿಲ್ಲ.

ಸೊಣ್ಣಮ್ಮನ ಮಾತು ಬೇಲಿ ದಾಟಿ ಪಕ್ಕದ ಮನೆಯ ಚಿಕ್ಕಹನುಮಯ್ಯನ ಕಿವಿಗೆ ಬಿತ್ತು. ಎಲೆಕ್ಷನ್ನು ಎಂದರೆ ಮದುವೆಮನೆಗಿಂತ ಹೆಚ್ಚು ಸಂಭ್ರಮಪಡುವ ಆಸಾಮಿ ಅವನು. ಹಲ್ಲುಜ್ಜುವ ಕಡ್ಡಿ ಬಾಯಲ್ಲಿದ್ದಂತೆಯೇ ಅಂಗಳಕ್ಕೆ ಬಂದ.

"ನಿಮ್ಮೋರ ಗುರುತೇನ್ಲಾ, ಮುನಿಶಾಮ?"

"ಗುರುತು ಗಿರುತು ಇಲ್ಲಣ್ಣ. ಚೀಟಿ ಮ್ಯಾಲೆ ಎಸ್ರು ಬರೀತಾರೆ."

"ಗುರುತಿಲ್ದೆ ಅದೆಂಥ ಎಲೆಕ್ಷನ್ನೋ! ಓಗ್ಲಿ, ನಿಮ್ಮೋರ ಕಡೆ ಓಟು ಯಾವ್ದಾರಾ ಬರ್ದೆ ಉಳಿಯೋದಿದ್ಯಾ?"

ಯಲಹಂಕದಲ್ಲಿ ಇಬ್ಬರು ವೃದ್ಧ ಸದಸ್ಯರಿದ್ದರು. ಮುನಿಗಂಗಪ್ಪನವರು ಮತ್ತು ಮಂಜೂರ್ ಸಾಹೇಬರು. ಇಬ್ಬರೂ ಕೃಷ್ಣಯ್ಯನವರ ಗುರುಗಳು. ವಯಸ್ಸಾದ್ದರಿಂದ ಬರುವುದಿಲ್ಲವೆಂದು ಆಫೀಸಿನಲ್ಲಿ ಮಾತಾಗಿತ್ತು. ಅಷ್ಟು ಕೇಳಿದ್ದೇ ತಡ, ಚಿಕ್ಕಹನುಮಯ್ಯ ಎತ್ತಿಗೆ ನೊಗ ಹೇರಿದ.

"ಮನೇಲಿರೋ ಓಟು ಗೂಡಲ್ಲಿರೋ ಕೋಳಿ ಇದ್ದಂಗೆ. ನಾವೇ ಓಗಿ ಇಡ್ಕೊಂಡು ಬರ್ಬೇಕು. ಅತ್ತು ಗಾಡಿ!"

ಯಲಹಂಕದ ಇಬ್ಬರು ವೃದ್ಧರೂ ಗಾಡಿ ನೋಡಿ ಬೆರಗಾದರು. ಮುನಿಗಂಗಪ್ಪನವರು ಜೇಬಿನಿಂದ ಕಾಗದವೊಂದನ್ನು ತೆಗೆದು ತೋರಿಸಿದರು. "ಕೃಷ್ಣಯ್ಯ ಬರೆದಿದ್ದಾನಪ್ಪ. ತಾವು ದಣಿದು ಬರೋದು ಖಂಡಿತ ಬೇಡ ಅಂತ. ಎರಡು ಸಲ ಅಡಿಗೆರೆ ಹಾಕಿದ್ದಾನೆ, ನೋಡು."

ಗೆಲ್ಲಲು ನಿಂತವನು ತನ್ನ ಮತದಾರನಿಗೇ ಬರಬೇಡಿ ಎಂದು ಬರೆಯುವುದೆಂದರೇನು! ಮುನಿಶಾಮಪ್ಪನ ಕಣ್ಣಲ್ಲಿ ನೀರಾಡಿತು. ಇಂಥ ಪುಣ್ಯಾತ್ಮರು ಸೋಲಬಾರದು ಎಂದು ಮನಸ್ಸಿನಲ್ಲೇ ಶಪಥ ಮಾಡಿ, ಇಬ್ಬರನ್ನೂ ಗಾಡಿಗೆ ಹತ್ತಿಸಿದ.

ದೊಡ್ಡ ರಸ್ತೆ ಹಿಡಿದಿದ್ದರೆ ಸುಸೂತ್ರವಾಗಿ ಹೋಗಬಹುದಿತ್ತು. "ಎದುರಾಳಿ ಕಡೆಯೋರು ನೋಡಿಬಿಟ್ಟಾರು" ಎಂದು ಚಿಕ್ಕಹನುಮಯ್ಯ ಜಕ್ಕೂರು ಕೆರೆಯ ಕೆಳಗಿನ ಅಡ್ಡದಾರಿಗೆ ಗಾಡಿ ತಿರುಗಿಸಿದ. ಗಾಡಿ ನೆಟ್ಟಗೆ ಹೋಗಿ ಮುನಿಶಾಮಪ್ಪನ ಗದ್ದೆಯಲ್ಲೇ ಅಚ್ಚಿನವರೆಗೆ ಹೂತುಕೊಂಡಿತು.

ವೃದ್ಧರು ಕೆಳಗಿಳಿದರು. ಇಳಿದವರು ಮತ್ತೆ ಹತ್ತುವ ಗೋಜಿಗೇ ಹೋಗಲಿಲ್ಲ. ಮಂಜೂರ್ ಸಾಹೇಬರು ಒಂದು ಹಿಡಿ ಕೆಸರು ಎತ್ತಿ ಕಿವಿಯ ಬಳಿ ಹಿಡಿದು ಹಿಸುಕಿದರು. ಮುನಿಗಂಗಪ್ಪನವರು ಇನ್ನೊಂದು ಹಿಡಿಯನ್ನು ಬತ್ತಿಯಂತೆ ಹೊಸೆದರು. ಮಣ್ಣಿನಲ್ಲಿ ಜೇಡಿ ಎಷ್ಟು ಎಂಬುದರ ಮೇಲೆ ಇಬ್ಬರಿಗೂ ಜಗಳ ಹತ್ತಿತು. ಎಂಬತ್ತರ ಹತ್ತಿರದವರು ಮೊಣಕಾಲೂರಿ, ಮಕ್ಕಳ ಹಾಗೆ ಕೆಸರಲ್ಲಿ ಕೂತು ವಾದಿಸುವುದನ್ನು ನೋಡುತ್ತ ಮುನಿಶಾಮಪ್ಪ ಗಾಡಿ ತಳ್ಳುವುದನ್ನೇ ಮರೆತ. ಅಪ್ಪನ ಕಾಲದಿಂದ ತುಳಿದ ಮಣ್ಣು. ಇದರಲ್ಲಿ ಇಷ್ಟೊಂದಿದೆಯೇ?

"ಮಣ್ಣು ತಿನ್ನೋ ಜನ ಕಣ್ಲಾ ಇವ್ರು! ತಳ್ಳು, ಒತ್ತಾಯ್ತು!" ಎಂದು ಚಿಕ್ಕಹನುಮಯ್ಯ ಅರಚಿದ.

ಅಂತೂ ಸಭೆ ಆರಂಭವಾಗುವ ಹೊತ್ತಿಗೆ ಹೆಬ್ಬಾಳ ಮುಟ್ಟಿದರು. ವೃದ್ಧರು ಕೆಸರು ಮೆತ್ತಿದ ಬೂಟುಗಳನ್ನು ಜಗಲಿಯಲ್ಲಿ ಬಿಟ್ಟು ಒಳಗೆ ಹೋದರು. ಮುನಿಶಾಮಪ್ಪ ಕಾಲು ತೊಳೆದು ಕಾಫಿಯ ತಟ್ಟೆ ಹಿಡಿದ. ಚಿಕ್ಕಹನುಮಯ್ಯ ಕಿಟಕಿಗೆ ಮುಖ ಹಚ್ಚಿ ನಿಂತ.

ಮೊದಲು ಕೃಷ್ಣಯ್ಯನವರು ಎದ್ದರು. "ನನಗಿಂತ ಖುರ್ಷೀದರು ನೂರು ಪಾಲು ಯೋಗ್ಯರು. ದಯವಿಟ್ಟು ಅವರಿಗೇ ಮತ ಕೊಡಿ." ಆಮೇಲೆ ಖುರ್ಷೀದರು ಎದ್ದರು. "ಕೃಷ್ಣಯ್ಯನವರಿರುವಾಗ ನಾನು ಆ ಕುರ್ಚಿ ಕಡೆ ನೋಡೋದೂ ಪಾಪ. ಅವರನ್ನೇ ಗೆಲ್ಲಿಸಿ."

ಕಿಟಕಿಯಲ್ಲಿ ಚಿಕ್ಕಹನುಮಯ್ಯನ ಬಾಯಿ ತೆರೆದದ್ದು ಮುಚ್ಚಲಿಲ್ಲ. ಊರ ಎಲೆಕ್ಷನ್ನಿನಲ್ಲಿ ಒಬ್ಬರು ಇನ್ನೊಬ್ಬರ ತಾತನ ಮುತ್ತಾತನವರೆಗೂ ಬೈದಾಡುವುದನ್ನು ಕೇಳಿದ್ದವನು ಮುನಿಶಾಮಪ್ಪ. ವಿದ್ಯೆ ಅಂದರೆ ಇದು ಎಂದುಕೊಂಡ.

ಚೀಟಿ ಎಣಿಸಿದರು. ಖುರ್ಷೀದರಿಗೆ ಹದಿನೆಂಟು. ಕೃಷ್ಣಯ್ಯನವರಿಗೆ ಹತ್ತೊಂಬತ್ತು.

ಎರಡು ಮತ! ಗದ್ದೆಯ ಕೆಸರಿನಿಂದ ಎತ್ತಿ ತಂದ ಎರಡು ಮತ! ಮುನಿಶಾಮಪ್ಪ ಹಿತ್ತಿಲ ಕಣಗಿಲೆ ಹೂವಿನಲ್ಲಿ ಅವಸರದ ಹಾರ ಕಟ್ಟಿಕೊಂಡು ಅಧ್ಯಕ್ಷರ ಕೋಣೆಗೆ ಓಡಿದ. ಬಾಗಿಲ ಹತ್ತಿರ ಕಾಲು ನಿಂತಿತು.

ಒಳಗೆ ಖುರ್ಷೀದರು ಹೊಟ್ಟೆ ಹಿಡಿದು ನಗುತ್ತಿದ್ದರು. "ಎರಡು ವರ್ಷ ನೀವು ಕಾಗದ ಮುಟ್ಟಿ, ನಾನು ಮಣ್ಣು ಮುಟ್ತೀನಿ!"

"ಹಿರಿಯರು ಹೆಸರು ಸೂಚಿಸಿದ್ರು, ಬೇಡ ಅನ್ನೋ ಹಾಗಿರಲಿಲ್ಲ," ಕೃಷ್ಣಯ್ಯನವರ ದನಿ ಅಳುವಂತಿತ್ತು. "ಒಂದು ಓಟಲ್ಲಿ ಸೋಲೋ ಹಾಗೆ ಲೆಕ್ಕ ಹಾಕಿದ್ದೆ. ಆ ಇಬ್ಬರಿಗೆ ಬರಬೇಡಿ ಅಂತ ಕಾಗದಾನೂ ಬರೆದೆ. ನನ್ನ ಪ್ರಯೋಗದ ಮಡಿಗಳೆಲ್ಲ ಇನ್ನು ಹಾಳು. ಅವರನ್ನ ಕರ್ಕೊಂಡು ಬಂದ ಮಹಾನುಭಾವ ಯಾರು, ಸಿಗಲಿ!"

ಮುನಿಶಾಮಪ್ಪ ಹಾರವನ್ನು ಬೆನ್ನ ಹಿಂದೆ ಬಚ್ಚಿಟ್ಟ. ಕಿಟಕಿಯತ್ತ ನೋಡಿದರೆ ಚಿಕ್ಕಹನುಮಯ್ಯನೂ ಇಲ್ಲ, ಅವನ ಗಾಡಿಯೂ ಇಲ್ಲ. ಅಷ್ಟರಲ್ಲಿ ಕೃಷ್ಣಯ್ಯನವರು ಹೊರಗೆ ಬಂದರು.

"ಮುನಿಶಾಮಪ್ಪ, ಯಲಹಂಕದವರು ಹೇಗೆ ಬಂದ್ರು?"

"ಗೊತ್ತಿಲ್ಲ ಸಾರ್. ಬಸ್ಸಲ್ಲಿ ಬಂದಿರಬೋದು."

ಕೃಷ್ಣಯ್ಯನವರ ಕಣ್ಣು ಜಗಲಿಯಲ್ಲಿದ್ದ ಎರಡು ಜೊತೆ ಬೂಟುಗಳ ಮೇಲೆ ಬಿತ್ತು. ಬಗ್ಗಿದರು. ಒಂದು ಚಿಟಿಕೆ ಕೆಸರು ಕಿತ್ತರು. ಬೆರಳಲ್ಲಿ ಉಜ್ಜಿದರು. ನಾಲಗೆಯ ತುದಿಗೆ ಮುಟ್ಟಿಸಿದರು.

"ಕೆರೆಗೋಡು," ಎಂದರು. ಮತ್ತೊಮ್ಮೆ ಉಜ್ಜಿ, "ಒಲೆ ಬೂದಿ. ಈ ಕೆಸರಲ್ಲಿ ಬಸ್ಸು ಓಡಾಡಲ್ಲ ಕಣಯ್ಯ. ಇದು ನಿನ್ನ ಗದ್ದೆ."

ಮುನಿಶಾಮಪ್ಪನಿಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಆದರೂ ಏಳು ವರ್ಷದ ಹಿಂದಿನ ಹಾಗೆಯೇ ಮೈ ಜುಮ್ಮೆಂದಿತು, ಕೈಗಳು ತಾವಾಗಿಯೇ ಮುಗಿದವು. ಹಾರ ಕೆಳಗೆ ಬಿತ್ತು.

ಕೃಷ್ಣಯ್ಯನವರು ಬೈಯಲಿಲ್ಲ. ಅವನನ್ನು ಒಳಗೆ ಕರೆದು, ಕಾಯಂ ಮಾಡುವ ಫೈಲು ಬಿಚ್ಚಿ, ಪೆನ್ನಿನ ಮುಚ್ಚಳ ತೆಗೆದರು. ಮತ್ತೆ ಮುಚ್ಚಿದರು.

"ನನ್ನನ್ನ ಎರಡು ವರ್ಷ ಈ ಕುರ್ಚಿಗೆ ಕಟ್ಟಿ ಹಾಕಿದ್ದೀಯ. ನನಗೆ ಬಿಡುಗಡೆ ಆಗೋ ದಿನ ಕೊನೇ ಸಹಿ ನಿನ್ನದೇ. ಅಲ್ಲಿವರೆಗೂ ನಾನೂ ಟೆಂಪರರಿ, ನೀನೂ ಟೆಂಪರರಿ."

ಸಂಜೆ ಸೊಣ್ಣಮ್ಮ ಬಾಗಿಲಲ್ಲೇ ಕಾದಿದ್ದಳು. "ನಿಮ್ಮೋರು ಗೆದ್ರಾ?"

"ಗೆದ್ರು."

"ಮತ್ತೆ ಕೆಲ್ಸ?"

ಮುನಿಶಾಮಪ್ಪ ಬೂದಿಯ ಮಂಕರಿಯನ್ನು ಎತ್ತಿಕೊಂಡು ಹೋಗಿ, ಆ ಕಡೆ ಬೂದಿ ಬಿದ್ದ ಗದ್ದೆ ಇನ್ನು ತನ್ನದೊಂದೇ ಆಗಿರಬಾರದೆಂದು, ಪಕ್ಕದ ಚಿಕ್ಕಹನುಮಯ್ಯನ ಗದ್ದೆಗೆ ಸುರಿದು ಬಂದ.