ಹಡಗು ತಿರುಗಿಸಿದ ಪತ್ರ

ನಾನು ಚಿಕ್ಕವಳಿದ್ದಾಗ ಕೇಳಿದ ಕಥೆ ಹೀಗಿದೆ. ನಾನು ಹುಟ್ಟುವ ಮೊದಲು, ಪರದೇಶದ ಸ್ಕ್ರೂಗಳನ್ನು ತುಂಬಿಕೊಂಡು ಒಂದು ಹಡಗು ಮದರಾಸಿನ ಬಂದರಿಗೆ ಬಂತು. ರಾಜಾಜಿನಗರದ ಇಂಡಸ್ಟ್ರಿಯಲ್ ಎಸ್ಟೇಟಿನ ನಮ್ಮ ಸಣ್ಣ ಕೈಗಾರಿಕೆಗಳ ಸಂಘ ಅದನ್ನು ಪ್ರತಿಭಟಿಸಿ ಒಂದು ಪತ್ರ ಬರೆಯಿತು. ಪತ್ರ ತಲುಪಿದ್ದೇ ತಡ, ಹಡಗು ಬಂದ ದಾರಿಯಲ್ಲೇ ಹಿಂತಿರುಗಿತು. ಆ ಪತ್ರವನ್ನು ಟೈಪ್ ಮಾಡಿದವರು ಸಂಘದ ಗುಮಾಸ್ತರಾಗಿದ್ದ ನಮ್ಮಪ್ಪ.

ಅಷ್ಟು ದೂರ ಬಂದ ಹಡಗು ಒಂದು ಕಾಗದಕ್ಕೆ ಹೆದರುತ್ತದೆಯೇ ಎಂಬ ಅನುಮಾನ ನನಗೆ ಏಳನೆಯ ವಯಸ್ಸಿನಲ್ಲೇ ಬಂದಿತ್ತು. ಕೇಳಿದರೆ ಅಪ್ಪ, "ಕಾಗದಕ್ಕಲ್ಲ ಕಣೇ, ಭಾಷೆಗೆ" ಎನ್ನುತ್ತಿದ್ದರು.

ಅಪ್ಪ ನಿವೃತ್ತರಾದ ಮೇಲೆ ಅದೇ ಕುರ್ಚಿಗೆ ನಾನು ಬಂದೆ. ಇತಿಹಾಸದಲ್ಲಿ ಎಂ.ಎ. ಮಾಡಿದ್ದು ಸಂಘದ ನಡಾವಳಿ ಬರೆಯಲು ಸಾಕಾಯಿತು. ಪತ್ರದ ಕೊನೆಯಲ್ಲಿ, ಎಡಮೂಲೆಯಲ್ಲಿ, ಟೈಪ್ ಮಾಡಿದವರ ಇನಿಷಿಯಲ್ಸ್ ಹಾಕಬೇಕೆಂಬುದು ಅಪ್ಪ ಕಲಿಸಿದ ಪದ್ಧತಿ. ಕಂಪ್ಯೂಟರ್ ಬಂದ ಮೇಲೆ ಅದನ್ನು ಎಲ್ಲರೂ ಬಿಟ್ಟರು; ನಾನು ಬಿಟ್ಟಿಲ್ಲ. ಇಷ್ಟು ವರ್ಷಗಳಲ್ಲಿ ನನ್ನ ಯಾವ ಪತ್ರಕ್ಕೂ ಒಂದು ತೆಪ್ಪವೂ ತಿರುಗಿದ್ದಿಲ್ಲ. ಆದರೂ ಸರ್ಕಾರ, ಸುಂಕ, ಸಂಘ ಈ ಮೂರೂ ಒಂದೇ ಮೇಜಿನ ಬಳಿ ಸೇರಿದಾಗ ನಗು ಬರುವಂಥದ್ದು ಏನಾದರೊಂದು ನಡೆಯುತ್ತಲೇ ಇರುತ್ತದೆ. ನಗುವವರು ಯಾರು ಎಂಬುದಷ್ಟೇ ಪ್ರತಿಸಲ ಬೇರೆ.

ನಾಲ್ಕನೆಯ ಪ್ಯಾರಾ

ನಮ್ಮ ಎಸ್ಟೇಟಿನಲ್ಲಿ ಒಂದೇ ಗೋಡೆ ಹಂಚಿಕೊಂಡ ಎರಡು ಶೆಡ್ಡುಗಳಿದ್ದವು. ಒಂದರಲ್ಲಿ ಸ್ಕ್ರೂ ಮಾಡುತ್ತಿದ್ದ ಹಿರಿಯರು. ಇನ್ನೊಂದರಲ್ಲಿ ಸ್ವಿಚ್ ಬೋರ್ಡ್ ಮಾಡುವ ಅವರ ಹೆಂಡತಿಯ ತಮ್ಮ. ಭಾವಮೈದ ಹಗಲೆಲ್ಲ "ಭಾವ, ಭಾವ" ಎಂದು ಕೂಗುತ್ತಿದ್ದರಿಂದ ಇಡೀ ಎಸ್ಟೇಟಿಗೆ ಅವರು ಭಾವನೇ ಆದರು. ನಾನೊಬ್ಬಳು ಮಾತ್ರ ಸಾರ್ ಎನ್ನುತ್ತಿದ್ದೆ.

ಕೇಂದ್ರ ಸರ್ಕಾರ ಹೊರದೇಶವೊಂದರೊಡನೆ ಮುಕ್ತ ವ್ಯಾಪಾರದ ಒಪ್ಪಂದಕ್ಕೆ ಹೊರಟಿತ್ತು. ಅದರ ಜೊತೆಗೇ ಒಂದು ಮಸೂದೆ: ಒಪ್ಪಂದ ಆದ ಮೇಲೆ ಯಾವ ಸರಕಿನ ಸುಂಕ ಏರಬೇಕು, ಯಾವುದರದು ಇಳಿಯಬೇಕು ಎಂಬುದನ್ನು ಸರ್ಕಾರ ಸಂಸತ್ತಿಗೆ ಹೋಗದೆ ಒಂದು ಅಧಿಸೂಚನೆಯಲ್ಲೇ ತೀರ್ಮಾನಿಸಬಹುದು. ಸುಂಕ ಹೋದರೆ ಹೊರಗಿನ ಸ್ಕ್ರೂ, ನಾವು ಸ್ಕ್ರೂ ಮಾಡಲು ಕೊಳ್ಳುವ ತಂತಿಗಿಂತ ಅಗ್ಗವಾಗಿ ಬರುತ್ತಿತ್ತು. ಭಾವನವರ ಶೆಡ್ಡು ಮುಚ್ಚುತ್ತಿತ್ತು; ಒಳಗಿದ್ದ ಹನ್ನೊಂದು ಜನ ಬೀದಿಗೆ ಬರುತ್ತಿದ್ದರು. ಸುಂಕ ಉಳಿದರೆ, ಅಗ್ಗದ ಸ್ಕ್ರೂ ಸಿಗದೆ, ಭಾವಮೈದನ ಬೋರ್ಡು ದುಬಾರಿಯಾಗಿ ಮಾರುಕಟ್ಟೆಯಲ್ಲಿ ಕೊಳ್ಳುವವರಿಲ್ಲದೆ ಕೂರುತ್ತಿತ್ತು. ಸಂಘದಲ್ಲಿ ಅರ್ಧ ಜನ ಭಾವನ ಕಡೆ, ಅರ್ಧ ಜನ ಭಾವಮೈದನ ಕಡೆ.

ನಮ್ಮ ಅಧ್ಯಕ್ಷರು ಯಾರ ಮನಸ್ಸನ್ನೂ ನೋಯಿಸದವರು. ಎಲ್ಲರಿಗೂ ಒಪ್ಪಿಗೆಯಾಗುವ ಮನವಿ ಬರೆಯಲು ನನಗೆ ಹೇಳಿದರು. ಬರೆದೆ. ಮೊದಲ ಪ್ಯಾರಾದಲ್ಲಿ ಹೊರಗಿನ ಸ್ಕ್ರೂಗೆ ಸುಂಕ ಏರಿಸಬೇಕೆಂದು ಕೋರಿಕೆ. ನಾಲ್ಕನೆಯದರಲ್ಲಿ ಅದೇ ಸುಂಕವನ್ನು ಪೂರ್ತಿ ತೆಗೆಯಬೇಕೆಂದು ಕೋರಿಕೆ. ಇದು ಒಂದನ್ನೊಂದು ಹೊಡೆದುಹಾಕುತ್ತದೆ ಎಂದು ತೋರಿಸಿದೆ.

ಅಧ್ಯಕ್ಷರು ಕನ್ನಡಕ ತೆಗೆದು ಒರೆಸಿಕೊಂಡು, "ನಾಲ್ಕನೇ ಪ್ಯಾರಾ ತನಕ ಯಾರಮ್ಮ ಓದ್ತಾರೆ?" ಎಂದರು.

ಬುಟ್ಟಿ

ಮನವಿಯನ್ನು ಬರಿಗೈಯಲ್ಲಿ ಕೊಡುವ ರೂಢಿ ನಮ್ಮಲ್ಲಿಲ್ಲ. ಮೈಸೂರು ಪೇಟ, ಶಾಲು, ಗಂಧದ ಹಾರ, ಹಣ್ಣಿನ ಬುಟ್ಟಿ, ಆಮೇಲೆ ಮನವಿ. ಬುಟ್ಟಿ ಚೆನ್ನಾಗಿ ಕಾಣಬೇಕು ಎಂದು ಅಧ್ಯಕ್ಷರೇ ಡಾ. ರಾಜ್‌ಕುಮಾರ್ ರಸ್ತೆಯ ಅಂಗಡಿಗೆ ಫೋನ್ ಮಾಡಿದ್ದರು. ಅಂಗಡಿಯವರು ಬಾಳೆಹಣ್ಣು, ಸಪೋಟ ಮುಂತಾದ ಕಾಣಲು ಸಾಮಾನ್ಯವಾದುವನ್ನೆಲ್ಲ ಬಿಟ್ಟು ಬುಟ್ಟಿ ಕಟ್ಟಿದ್ದರು.

ಭಾವ, ಭಾವಮೈದರ ಜೊತೆ ಮನವಿ ಕೊಡಲು ಹೊರಟಾಗ ಮೆಟ್ರೋದಲ್ಲಿ ಬುಟ್ಟಿ ನನ್ನ ತೊಡೆಯ ಮೇಲಿತ್ತು. ಆಗ ಗಮನಿಸಿದೆ: ಪ್ರತಿ ಸೇಬಿನ ಮೇಲೂ, ಪ್ರತಿ ಕಿವಿ ಹಣ್ಣಿನ ಮೇಲೂ ಒಂದೊಂದು ಪರದೇಶದ ಹೆಸರಿನ ಪುಟ್ಟ ಚೀಟಿ. ಪ್ಲಾಸ್ಟಿಕ್ ಹೊದಿಕೆಯೊಳಗೆ ಕೈ ತೂರಿಸಿ ಒಂದೊಂದನ್ನೇ ಕೀಳಲು ಶುರುಮಾಡಿದೆ. ಎದುರು ಕೂತಿದ್ದ ಹೆಂಗಸೊಬ್ಬರು ನಾನು ಹಣ್ಣು ಕದಿಯುತ್ತಿದ್ದೇನೆಂದು ತಿಳಿದು ತಮ್ಮ ಚೀಲವನ್ನು ಹತ್ತಿರಕ್ಕೆ ಎಳೆದುಕೊಂಡರು. ಅಷ್ಟರಲ್ಲಿ ನಮ್ಮ ನಿಲ್ದಾಣ ಬಂತು.

ಮನವಿ ತೆಗೆದುಕೊಳ್ಳಬೇಕಾಗಿದ್ದ ಕೇಂದ್ರ ಸರ್ಕಾರದ ಅಧಿಕಾರಿಗಳು ಧಾರವಾಡದ ಕಡೆಯವರು, ಸೌಮ್ಯರು. ಪೇಟ ಹಾಕಿಸಿಕೊಂಡು, ಭಾವನವರು ಸ್ವದೇಶಿಯ ಬಗ್ಗೆ ಹೇಳಿದ್ದನ್ನೆಲ್ಲ ಪೂರ್ತಿ ಕೇಳಿದರು. ಕೇಳುತ್ತ ಕೇಳುತ್ತ ಬುಟ್ಟಿಯನ್ನೇ ನೋಡುತ್ತಿದ್ದರು. ನಾನು ಕೀಳದೆ ಉಳಿದ ಚೀಟಿಯೊಂದು ಅವರ ಕಡೆಗೇ ಮುಖ ಮಾಡಿತ್ತು.

"ಎಲ್ಲಾ ಖರೇ ಅದ," ಎಂದರು. "ಆದ್ರ ಇದರಾಗ ನಮ್ಮ ದೇಶದ್ದು ಯಾವುದ್ರೀ?"

ಎಲ್ಲರೂ ಬುಟ್ಟಿಯ ಕಡೆ ಬಗ್ಗಿ ಹುಡುಕಿದೆವು. ಕೊನೆಗೆ ಭಾವಮೈದ, "ಬುಟ್ಟಿ ಸಾರ್" ಎಂದರು.

ಬುಟ್ಟಿಯನ್ನು ಮಗುಚಿ ತಳ ನೋಡುವ ಧೈರ್ಯ ಮಾತ್ರ ಅಧಿಕಾರಿಗಳಿಗಾಗಲಿ ನಮಗಾಗಲಿ ಬರಲಿಲ್ಲ.

ನಡಾವಳಿ

ಆ ವರ್ಷದ ಮೊದಲ ಸಭೆಯಲ್ಲಿ ಭಾವನವರು ಎದ್ದು ನಿಂತು, ಸಂಸತ್ತನ್ನು ಕೇಳದೆ ಸುಂಕ ಬದಲಿಸುವ ಅಧಿಕಾರ ಯಾವ ಸರ್ಕಾರಕ್ಕೂ ಇರಬಾರದು, ಇಂದು ನಮ್ಮ ಸ್ಕ್ರೂ, ನಾಳೆ ನಿಮ್ಮ ಮನೆ ಎಂದರು. ಭಾವಮೈದ ಎದ್ದು, ದೇಶ ನಡೆಸುವವರ ಕೈ ಕಟ್ಟಬಾರದು, ಎಲ್ಲರನ್ನೂ ಕೇಳುತ್ತ ಕೂತರೆ ಕೆಲಸ ಆಗುವುದಿಲ್ಲ ಎಂದರು. ಎರಡನ್ನೂ ಬರೆದುಕೊಂಡೆ. ಭಾವನವರು ಕೂರುವ ಮೊದಲು, ಪ್ರತಿ ಸಭೆಯಲ್ಲಿ ಹೇಳುವಂತೆ, ನಮ್ಮಪ್ಪನ ಪತ್ರ ಹಡಗು ತಿರುಗಿಸಿದ್ದನ್ನೂ ಹೇಳಿದರು.

ಮಸೂದೆ ಪಾಸಾಯಿತು. ಕೆಲವೇ ವಾರಗಳಲ್ಲಿ, ಯಾರನ್ನೂ ಕೇಳದೆ, ಸರ್ಕಾರ ಒಂದು ಅಧಿಸೂಚನೆ ಹೊರಡಿಸಿ ಹೊರಗಿನ ಸ್ಕ್ರೂ ಮೇಲೆ ಆರು ತಿಂಗಳ ಮಟ್ಟಿಗೆ ಸುಂಕ ಏರಿಸಿತು. ಮೊದಲ ಪ್ಯಾರಾ ಫಲಿಸಿತು ಎಂದು ಅಧ್ಯಕ್ಷರು ನನ್ನ ಕಿವಿಯಲ್ಲಿ ಹೇಳಿದರು. ಎರಡನೆಯ ಸಭೆಗೆ ಭಾವನವರು ಮೈಸೂರುಪಾಕು ತಂದು ಹಂಚಿ, "ಸರ್ಕಾರ ಅಂದ್ರೆ ಹಿಂಗಿರ್ಬೇಕು" ಎಂದರು. ಭಾವಮೈದ ಮೈಸೂರುಪಾಕನ್ನು ಬಾಯಲ್ಲಿಟ್ಟುಕೊಂಡೇ, "ಹಂಗಾದ್ರೆ ಪಾರ್ಲಿಮೆಂಟ್ ಯಾಕ್ ಭಾವ, ಬೀಗ ಹಾಕ್ಬಿಡಿ" ಎಂದರು.

ಅಂದಿನ ನಡಾವಳಿ ಬರೆಯಲು ನನಗೆ ಹೆಚ್ಚು ಹೊತ್ತು ಹಿಡಿಯಲಿಲ್ಲ. ಹಳೆಯ ಸಭೆಯದನ್ನೇ ತೆಗೆದು ಇಬ್ಬರ ಹೆಸರನ್ನು ಅದಲುಬದಲು ಮಾಡಿದೆ. ಆರು ತಿಂಗಳಾದ ಮೇಲೆ ಅಧಿಸೂಚನೆಯ ಅವಧಿ ಮುಗಿಯಿತು, ಮುಂದುವರಿಯಲಿಲ್ಲ. ಮೂರನೆಯ ಸಭೆಗೆ ಹೆಸರುಗಳನ್ನು ಮತ್ತೆ ಸ್ವಸ್ಥಾನಕ್ಕೆ ತಂದೆ. ಮೂರಕ್ಕೂ ಇಬ್ಬರೂ "ಓದಿ ನೋಡಲಾಗಿದೆ, ಸರಿಯಾಗಿದೆ" ಎಂದು ಸಹಿ ಹಾಕಿದ್ದಾರೆ.

ಆಯುಧಪೂಜೆ

ಸುಂಕ ಹೋದ ಮೇಲೆ ಭಾವನವರ ಶೆಡ್ಡು ಐದು ತಿಂಗಳು ತಡೆಯಿತು. ಮೊದಲು ನಾಲ್ಕು ಜನ, ಆಮೇಲೆ ಏಳು ಜನ ಮನೆಗೆ ಹೋದರು. ಯಂತ್ರಗಳನ್ನು ಗುಜರಿಗೆ ಕೊಡುವುದೆಂದಾಯಿತು. ಆದರೆ ಆಯುಧಪೂಜೆ ಮುಗಿಯದೆ ಒಂದು ಬೋಲ್ಟನ್ನೂ ಬಿಚ್ಚಕೂಡದು ಎಂದು ಅವರ ಹೆಂಡತಿ ಹಟ ಹಿಡಿದರು.

ಪೂಜೆಯ ದಿನ ಹೊರಗೆ ಲಾರಿ ನಿಂತಿತ್ತು. ಒಳಗೆ ತಂತಿಗೆ ಸ್ಕ್ರೂವಿನ ತಲೆ ಒತ್ತುವ ಯಂತ್ರಕ್ಕೂ ಸುತ್ತು ಕೊರೆಯುವ ಯಂತ್ರಕ್ಕೂ ಅರಿಶಿನ, ಕುಂಕುಮ, ಚೆಂಡುಹೂವಿನ ಹಾರ. ಹನ್ನೊಂದು ಜನರೂ ಹೊಸ ಶರ್ಟು ಹಾಕಿಕೊಂಡು ಬಂದಿದ್ದರು. ಭಾವಮೈದನೇ ಕುಂಬಳಕಾಯಿ ಒಡೆದರು. ಗುಜರಿಯವರೂ ಚಪ್ಪಲಿ ಬಿಟ್ಟು ಒಳಗೆ ಬಂದು ಮಂಗಳಾರತಿ ತೆಗೆದುಕೊಂಡರು. ಪುರಿ, ಕಡಲೆ ಪೊಟ್ಟಣವನ್ನೂ ತೆಗೆದುಕೊಂಡರು. ಆಮೇಲೆ ತಕ್ಕಡಿ ತಂದರು.

ಭಾವನವರು ನ್ಯಾಯವಂತರು. ಹಾರ ತೆಗೆದು ತೂಕ ಹಾಕಪ್ಪ, ಹೂವಿನ ಭಾರ ಕಬ್ಬಿಣಕ್ಕೆ ಸೇರಬಾರದು ಎಂದರು.

ಗುಜರಿಯವರು ಯಂತ್ರವನ್ನು ಸುತ್ತಿ ನೋಡಿ, ಕೈಮುಗಿದು, "ಹಾರ ತೆಗೀತೀನಿ ಸಾರ್. ಕುಂಕುಮ ಇರ್ಲಿ ಬಿಡಿ, ಅದನ್ನೂ ಕಬ್ಬಿಣದ ಲೆಕ್ಕಕ್ಕೇ ತಗೋತೀನಿ" ಎಂದರು.

ಆಕ್ಷೇಪಣೆ

ಕೊನೆಯ ದಿನ ಭಾವನವರು ಶೆಡ್ಡಿನ ಬೀಗದ ಕೈಯನ್ನು ಸಂಘದ ಕಚೇರಿಗೆ ತಂದುಕೊಟ್ಟರು. ಅವರು ಕೇಳಿದ್ದು ಒಂದೇ: ಏರಿಸಿದ ಸುಂಕವನ್ನು ಯಾಕೆ ಮುಂದುವರಿಸಲಿಲ್ಲ, ನಮ್ಮ ಮನವಿಯನ್ನು ಯಾರಾದರೂ ಓದಿದರೇ ಇಲ್ಲವೇ. "ಅಷ್ಟು ತಿಳಿದ್ರೆ ನಿದ್ದೆ ಬರತ್ತೆ ನೋಡಮ್ಮ."

ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿದೆ. ಅದು ಮೂರು ಕಚೇರಿ ಸುತ್ತಿತು. ಕೊನೆಗೆ ದಪ್ಪನೆಯ ಲಕೋಟೆ ಬಂತು.

ಮನವಿಯನ್ನು ಓದಿದ್ದರು. ನಾಲ್ಕನೆಯ ಪ್ಯಾರಾವನ್ನೂ ಓದಿದ್ದರು. ಅದರ ಪಕ್ಕದಲ್ಲಿ ಕೆಂಪು ಪೆನ್ಸಿಲ್ಲಿನ ಒಂದು ಪ್ರಶ್ನೆಚಿಹ್ನೆ ಇತ್ತು. ಗೊಂದಲವಾದ್ದರಿಂದ, ಸಂಬಂಧಪಟ್ಟ ಕೈಗಾರಿಕೆಯವರನ್ನೇ ಕೇಳೋಣ ಎಂದು ಅಧಿಕಾರಿಗಳು ಬರೆದಿದ್ದರು. ಅದರಂತೆ ಇಂಥ ಸಂಖ್ಯೆಯ ಅಧಿಸೂಚನೆಯನ್ನು ಅವಧಿ ಮುಗಿದ ಮೇಲೆ ಮುಂದುವರಿಸದಿರುವುದಕ್ಕೆ ಆಕ್ಷೇಪಣೆ ಇದೆಯೇ ಎಂದು ಒಂದು ಸಂಘಕ್ಕೆ ಪತ್ರ ಹೋಗಿತ್ತು. ಸಂಘ, ಆಕ್ಷೇಪಣೆ ಏನೂ ಇಲ್ಲ ಎಂದು ಉತ್ತರಿಸಿತ್ತು. ಆದ್ದರಿಂದ ಸುಂಕ ಹೋಯಿತು.

ಆ ಸಂಘ ನಮ್ಮದೇ.

ಅಧ್ಯಕ್ಷರಿಗೆ ತೋರಿಸಿದೆ. ಅವರಿಗೆ ನೆನಪಿರಲಿಲ್ಲ, ಆದರೆ ಆಶ್ಚರ್ಯವೂ ಆಗಲಿಲ್ಲ. ಸರ್ಕಾರದಿಂದ ನಂಬರು ಹಾಕಿದ ಯಾವ ಪತ್ರ ಬಂದರೂ ಅವರು ಹಾಗೆಯೇ ಬರೆಸುತ್ತಾರಂತೆ. "ಆಕ್ಷೇಪಣೆ ಇಲ್ಲ ಅಂದೋರನ್ನ ಇವತ್ತಿನವರೆಗೂ ಯಾವ ಸರ್ಕಾರನೂ ಹಿಡ್ಕೊಂಡು ಹೋಗಿಲ್ಲಮ್ಮ" ಎಂದರು.

ಆ ಉತ್ತರದ ಕೊನೆಯಲ್ಲಿ, ಎಡಮೂಲೆಯಲ್ಲಿ, ನನ್ನ ಇನಿಷಿಯಲ್ಸ್ ಇತ್ತು.

ನಾನು ಅದನ್ನು ವಾರ್ಷಿಕ ಸಭೆಯ ಹಿಂದಿನ ದಿನ, ಅಧ್ಯಕ್ಷರು ಒಂದೇ ಉಸಿರಿನಲ್ಲಿ ಹೇಳಿ ಬರೆಸಿದ ಹದಿನಾಲ್ಕು ಪತ್ರಗಳ ಜೊತೆಗೆ ಟೈಪ್ ಮಾಡಿದ್ದೆ. ಸಂಖ್ಯೆಯನ್ನು ಎರಡು ಸಲ ತಾಳೆ ನೋಡಿದ್ದೆ. ಅದು ಯಾವುದರ ಸಂಖ್ಯೆ ಎಂದು ನೋಡಿರಲಿಲ್ಲ.

ಹಡಗು

ಲಕೋಟೆ ಹಿಡಿದು ಹೇರೋಹಳ್ಳಿಯ ಭಾವನವರ ಮನೆಗೆ ಹೋದೆ. ರಸ್ತೆ ಅಗೆದಿದ್ದರಿಂದ ಆಟೋ ಮೂಲೆಯಲ್ಲೇ ಇಳಿಸಿ ಹೋಯಿತು. ಅವರು ಜಗಲಿಯಲ್ಲಿ ಕೂತು ಒಂದೊಂದೇ ಹಾಳೆ ಓದಿದರು.

"ಅಂದ್ರೆ ಓದಿದಾರೆ."

"ಓದಿದಾರೆ ಸಾರ್."

ಕೊನೆಯ ಹಾಳೆಗೆ ಬಂದಾಗ ಅವರ ಬೆರಳು ಎಡಮೂಲೆಗೆ ಹೋಗಿ ನಿಂತಿತು. ನನ್ನ ಪತ್ರಗಳನ್ನು ಅವರು ವರ್ಷಗಟ್ಟಲೆ ನೋಡಿದವರು; ಆ ಎರಡಕ್ಷರ ಯಾರದೆಂದು ಕೇಳಬೇಕಾಗಿರಲಿಲ್ಲ. ಒಳಗಿನಿಂದ ಕಾಫಿ ಬಂತು. ನನ್ನ ಲೋಟವನ್ನು ಅವರೇ ನನ್ನ ಕಡೆ ಸರಿಸಿದರು.

"ಒಂದೂ ತಪ್ಪಿಲ್ಲ ನೋಡು," ಎಂದರು. "ಕಾಮಾ ಸಮೇತ ಸರಿಯಾಗಿದೆ."

ನಾನು ತಪ್ಪಾಯಿತು ಎಂದೆ. ಅವರು ಹಾಳೆಗಳನ್ನು ಜೋಡಿಸಿ ಲಕೋಟೆಗೆ ತುಂಬಿದರು. ಆಮೇಲೆ ನಮ್ಮಪ್ಪನ ಮಾತು ತೆಗೆದರು. ತಾವು ಊರಲ್ಲಿದ್ದ ಜಮೀನು ಮಾರಿ ಯಾವ ಕೆಲಸಕ್ಕೆ ಕೈಹಾಕುವುದೆಂದು ತಿಳಿಯದೆ ಓಡಾಡುತ್ತಿದ್ದಾಗ, ಸಂಘದ ಕಚೇರಿಯ ಬೆಂಚಿನ ಮೇಲೆ ಕೂತು ನಮ್ಮಪ್ಪನ ಬಾಯಲ್ಲಿ ಆ ಹಡಗಿನ ಕಥೆ ಕೇಳಿದರಂತೆ. ಕೇಳಿದ ವಾರವೇ ಸ್ಕ್ರೂ ಶೆಡ್ಡಿಗೆ ಅರ್ಜಿ ಹಾಕಿದರಂತೆ.

"ಒಂದು ಕಾಗದಕ್ಕೆ ಹಡಗು ತಿರುಗೋದಾದ್ರೆ ಇನ್ನೇನು ಭಯ ಅಂದ್ಕೊಂಡೆ," ಎಂದರು. ಆಮೇಲೆ ನನ್ನ ಮುಖ ನೋಡಿ ಕೇಳಿದರು: "ನೀನು ಎಲ್ಲಾನೂ ನೋಡಿ ಹೇಳೋಳು. ಅದು ನಿಜ ತಾನೆ?"

ನೋಡಿ ಹೇಳುತ್ತೇನೆ ಎಂದು ಬಂದೆ.

ಕಚೇರಿಯ ಕಬ್ಬಿಣದ ಬೀರುವಿನ ಕೆಳಗಿನ ಅರೆಯಲ್ಲಿ ಅಪ್ಪನ ಕಾಲದ ರವಾನೆ ಪುಸ್ತಕವಿದೆ. ಆ ಪತ್ರ ಹೊರಟ ದಿನ ಅಪ್ಪನ ದುಂಡಕ್ಷರದಲ್ಲಿ ನಮೂದಾಗಿದೆ: ಹನ್ನೊಂದನೆಯ ತಾರೀಕು. ಅದರ ಪಕ್ಕದ ಕಡತದಲ್ಲಿ ಬಂದರಿನ ಕಚೇರಿಯಿಂದ ಬಂದ ಉತ್ತರವೂ ಇದೆ, ಒಂದೇ ಸಾಲು. ತಾವು ಹೇಳಿದ ಹಡಗು ಬಂದರಿನಲ್ಲಿ ಇಲ್ಲ. ಸರಕನ್ನೆಲ್ಲ ಇಳಿಸಿ ಮುಗಿಸಿ ಇದೇ ತಿಂಗಳ ನಾಲ್ಕನೆಯ ತಾರೀಕಿನಂದೇ ಹಿಂತಿರುಗಿದೆ. "ಹಿಂತಿರುಗಿದೆ" ಎಂಬುದರ ಕೆಳಗೆ ಯಾರೋ ಶಾಯಿಯಲ್ಲಿ ಎರಡು ಗೆರೆ ಎಳೆದಿದ್ದಾರೆ.