ಸಣ್ಣಪ್ಪನ ಬಲಗೈ

ಸಣ್ಣಪ್ಪನ ಬಲಭುಜ ಹಿಡಿದುಕೊಂಡು ವರ್ಷವಾಗುತ್ತ ಬಂದಿತ್ತು. ಕೈ ಎದೆಮಟ್ಟದವರೆಗೆ ಬರುತ್ತಿತ್ತು. ಅಲ್ಲಿಂದ ಮೇಲೆ ಹೋಗು ಅಂದರೆ ಹಟ ಹಿಡಿದ ಕೋಣದ ಹಾಗೆ ನಿಂತುಬಿಡುತ್ತಿತ್ತು. ಅಂಗಿ ತೊಡಿಸುವುದು, ತಲೆ ಬಾಚುವುದು ಹೆಂಡತಿ ಮೈಲಾರವ್ವನ ಪಾಲಿಗೆ ಬಂದಿತ್ತು. ಬಲಮಗ್ಗುಲಿಗೆ ಹೊರಳಿದರೆ ಭುಜದೊಳಗೆ ಯಾರೋ ಗುದ್ದಲಿ ಹಾಕಿದಂತಾಗುತ್ತಿತ್ತು. ಇಷ್ಟು ದಿನ ಅದು ಅವನೊಬ್ಬನ ನೋವಾಗಿತ್ತು. ಹಾಲಿನ ಸೊಸಾಯಿಟಿಯ ಅಧ್ಯಕ್ಷರನ್ನು ಆರಿಸುವ ದಿನ ಗೊತ್ತಾದ ಮೇಲೆ ಊರಿಗೆಲ್ಲ ನೋವಾಯಿತು.

ಸಣ್ಣಪ್ಪ ಸೊಸಾಯಿಟಿಯ ನಿರ್ದೇಶಕನಾದದ್ದು ಅವನ ಓಣಿಯಲ್ಲಿ ಬೇರೆ ಯಾರೂ ನಿಲ್ಲಲು ಒಪ್ಪದೇ ಇದ್ದುದರಿಂದ. ಈಗ ನೋಡಿದರೆ ಅಧ್ಯಕ್ಷನಾಗಲು ಇಬ್ಬರು ನಿಂತಿದ್ದರು, ನಿರ್ದೇಶಕರಲ್ಲಿ ಅರ್ಧ ಮಂದಿ ಕಾಶಿನಾಥನ ಕಡೆ, ಅರ್ಧ ಮಂದಿ ಗೌರೀಶನ ಕಡೆ. ಉಳಿದವನು ಸಣ್ಣಪ್ಪ ಒಬ್ಬ. ಅವನ ಮನೆ ಇದ್ದದ್ದೂ ಈ ಇಬ್ಬರ ಮನೆಗಳ ನಡುವೆಯೇ. ಅವನ ಎಮ್ಮೆಗಳು ಕುಡಿಯುವ ನೀರು ಕಾಶಿನಾಥನ ಬೋರಿನದು. ಎಮ್ಮೆಗಳು ಹೊರಗೆ ಹೋಗುವ ದಾರಿ ಗೌರೀಶನ ಹಿತ್ತಲಿನದು. ಒಬ್ಬನಿಗೆ ಕೈ ಎತ್ತಿದರೆ ದಾರಿ ಹೋಗುತ್ತಿತ್ತು, ಇನ್ನೊಬ್ಬನಿಗೆ ಎತ್ತಿದರೆ ನೀರು ಹೋಗುತ್ತಿತ್ತು.

ಮತ ಹಾಕುವುದು ಕೈ ಎತ್ತಿ. ಇದು ತಿಳಿದಾಗ ಸಣ್ಣಪ್ಪನಿಗೆ ಮೊದಲ ಸಲ ತನ್ನ ಭುಜದ ಮೇಲೆ ಪ್ರೀತಿ ಹುಟ್ಟಿತು. ಕೈ ಏಳೂದಿಲ್ಲರಿ, ನಾ ಏನ್ ಮಾಡ್ಲಿ ಅಂತ ಇಬ್ಬರಿಗೂ ಹೇಳಿ ಆರಾಮಾಗಿ ಕೂತ. ಎಡಗೈ ಎತ್ತಲಿ ಅಂತ ಯಾರೋ ಅಂದದ್ದಕ್ಕೆ ಇಬ್ಬರೂ ಒಪ್ಪಲಿಲ್ಲ. ಎಡಗೈಲೆ ಬಂದ ಅಧ್ಯಕ್ಷ ಅಂತ ಜನ ಸಾಯೂತನಕ ಅಂತಾರ ಎನ್ನುವ ಒಂದು ಮಾತಿನಲ್ಲಿ ಮಾತ್ರ ಅವರಲ್ಲಿ ಒಮ್ಮತವಿತ್ತು. ಹೀಗಾಗಿ ಸಣ್ಣಪ್ಪನ ಬಲಗೈಯನ್ನು ಎಬ್ಬಿಸುವ ಕೆಲಸ ಎರಡೂ ಕಡೆಯಿಂದ ಶುರುವಾಯಿತು. ಗೌರೀಶ ತನ್ನ ಕಾರಿನಲ್ಲಿ ಅವನನ್ನು ಕುಂದಗೋಳಕ್ಕೆ ಲೇಸರ್ ಚಿಕಿತ್ಸೆಗೆ ಕರೆದೊಯ್ಯತೊಡಗಿದ. ಕಾಶಿನಾಥ ವ್ಯಾಯಾಮ ತನ್ನ ಕಡೆ ಇರಲಿ ಅಂದ. ಎದ್ದ ಕೈ ಯಾರ ಸಲುವಾಗಿ ಏಳುತ್ತದೆ ಅಂತ ಇಬ್ಬರಲ್ಲಿ ಯಾರೂ ಕೇಳಲಿಲ್ಲ. ತನಗೇ ಅಂತ ಇಬ್ಬರಿಗೂ ಖಾತ್ರಿಯಿತ್ತು.

ಆಯ್ಕೆಯ ದಿನ ಬೆಳಗಾಗುತ್ತಲೇ ಕಾಶಿನಾಥ ಬಂದ. ಬಾವಿಯ ಹಳೆಯ ಗಡಗಡಿಯನ್ನು ಅಂಗಳದ ಬೇವಿನ ಗಿಡಕ್ಕೆ ಕಟ್ಟಿಸಿದ್ದ. ಹಗ್ಗದ ಒಂದು ತುದಿ ಸಣ್ಣಪ್ಪನ ಬಲಗೈಯಲ್ಲಿ, ಇನ್ನೊಂದು ಎಡಗೈಯಲ್ಲಿ. ಒಳ್ಳೆಯ ಕೈ ಕೆಳಗೆಳೆದರೆ ಕೆಟ್ಟ ಕೈ ಮೇಲೇಳಬೇಕು, ಸಾವಕಾಶವಾಗಿ, ನೋವು ತಡೆಯುವಷ್ಟೇ. ಕುಂದಗೋಳದ ಡಾಕ್ಟರು ಹೇಳಿದ್ದು ಅಷ್ಟೆ. ಆದರೆ ಕಾಶಿನಾಥನಿಗೆ ಆ ದಿನ ಪುರಸೊತ್ತಿರಲಿಲ್ಲ. ಎಡಗೈಯಲ್ಲಿದ್ದ ಹಗ್ಗದ ತುದಿಯನ್ನು ತಾನೇ ಕಸಿದುಕೊಂಡು ಕೊಡ ಸೇದುವವನಂತೆ ಜಗ್ಗಿದ. ಸಣ್ಣಪ್ಪನ ಹಿಮ್ಮಡಿಗಳು ನೆಲ ಬಿಟ್ಟವು. ಆಚೆ ಓಣಿಯ ಖಾದರಬಿ ಹಾಲಿನ ಗಿಂಡಿ ಹಿಡಿದು ಬಂದವಳು ಹೊಸ್ತಿಲಲ್ಲೇ ನಿಂತು, ಮೈಲಾರವ್ವನನ್ನು ಮೆಲ್ಲಗೆ ಕೇಳಿದಳು.

"ನಿನ್ನ ಗಂಡ ಅಂಥಾದ್ದೇನ್ ತಪ್ಪು ಮಾಡ್ಯಾನ ಬೇ?"

"ಸೊಸಾಯಿಟಿಗೆ ನಿಂತಾನ" ಅಂದಳು ಮೈಲಾರವ್ವ.

ಭುಜದೊಳಗೆ ಏನೋ ಲಟಕ್ ಅಂದಿತು. ಸಣ್ಣಪ್ಪನ ಕಣ್ಣಲ್ಲಿ ನೀರು ಬಂತು. ಅದನ್ನು ಕಂಡ ಕಾಶಿನಾಥ ಹಗ್ಗ ಬಿಟ್ಟ. ಗಾಬರಿಯಾಗಿ ಒಳಗೆ ಹೋಗಿ ಬಿಸಿನೀರಲ್ಲಿ ಅದ್ದಿದ ವಸ್ತ್ರ ತಂದು ತಾನೇ ಭುಜದ ಮೇಲೆ ಇಟ್ಟ. "ಬಾಳ ನೋವಾತೇನೋ ಸಣ್ಣಪ್ಪಾ" ಅಂದ. ಈಚೆಗೆ ಹಾಗೆ ವಿಚಾರಿಸಿದವನು ಅವನೊಬ್ಬನೇ. ಮೈಲಾರವ್ವ ಸಹ ಕೇಳುವುದನ್ನು ಬಿಟ್ಟು ಬಹಳ ದಿನವಾಗಿತ್ತು.

ಅಷ್ಟರಲ್ಲಿ ಗೌರೀಶನ ಕಾರು ಬಂದು ಹಾರ್ನ್ ಹೊಡೆಯಿತು.

ಕುಂದಗೋಳದ ಆ ಚಿಕಿತ್ಸಾ ಕೋಣೆ ಚಿಕ್ಕದು. ಡಾಕ್ಟರ್ ತಬಸುಮ್ ವಯಸ್ಸಿನಲ್ಲಿ ಚಿಕ್ಕವಳಾದರೂ ಮಾತು ತೂಗಿ ಆಡುವ ಹೆಣ್ಣುಮಗಳು. ಸಣ್ಣಪ್ಪನ ಕಣ್ಣಿಗೆ ಕಪ್ಪು ಕನ್ನಡಕ ಹಾಕಿಸಿ, ಲೇಸರಿನ ಹಿಡಿಕೆಯನ್ನು ಭುಜದ ಸುತ್ತ ನಿಧಾನವಾಗಿ ಆಡಿಸತೊಡಗಿದಳು. ಗೌರೀಶ ಬಾಜೂ ನಿಂತು, ಇವತ್ತ ಮಧ್ಯಾಹ್ನ ಕೈ ಏಳಬೇಕ್ರಿ, ಸ್ವಲ್ಪ ಜೋರ್ ಇಡ್ರಿ ಅಂದ.

"ಇದು ಗ್ಯಾಸಿನ ಒಲಿ ಅಲ್ಲರಿ" ಅಂದಳು ತಬಸುಮ್. ಲೇಸರು ನೋವನ್ನು ಒಂದಿಷ್ಟು ಇಳಿಸುತ್ತದೆ, ಕೈಯನ್ನು ಏಳಿಸುವುದು ದಿನದಿನದ ವ್ಯಾಯಾಮ, ಅದಕ್ಕೆ ತಿಂಗಳುಗಟ್ಟಲೆ ಬೇಕು, ಯಾರಾದರೂ ಜಗ್ಗಿದರೆ ಇದ್ದದ್ದೂ ಹೋಗುತ್ತದೆ ಅಂತ ತಿಳಿಸಿ ಹೇಳಿದಳು. ಆ ಹೊತ್ತಿಗೆ ಗೌರೀಶನ ಫೋನು ಬಡಿದುಕೊಂಡಿತು. ಅವನು ಹೊರಗೆ ಹೋಗಿ ಬಹಳ ಹೊತ್ತು ಮಾತಾಡಿದ. ಆಮೇಲೆ ಕಾರು ಹೊರಟ ಸಪ್ಪಳ ಕೇಳಿಸಿತು. ಸಣ್ಣಪ್ಪನನ್ನು ಅಲ್ಲೇ ಬಿಟ್ಟು ಹೋಗಿದ್ದ.

ತಬಸುಮ್ ತನ್ನ ಕೆಲಸ ಬಿಡಲಿಲ್ಲ. ಮೆಲ್ಲಗೆ ಕೇಳಿದಳು: "ಕಾಕಾ, ಎಲ್ಲಾರಿಗೂ ನಿಮ್ಮ ಕೈ ಏಳಬೇಕಾಗೇದ. ಕೈ ಎದ್ದರ ನೀವು ಏನ್ ಮಾಡಬೇಕಂತ ಮಾಡೀರಿ?"

ಸಣ್ಣಪ್ಪ ಕಪ್ಪು ಕನ್ನಡಕದ ಹಿಂದೆ ಕಣ್ಣು ಮುಚ್ಚಿಕೊಂಡ.

ಹೊರಗೆ ಬಂದು ಊರಿನ ಕಡೆ ಹೋಗುವ ಟಂಟಂ ಆಟೋ ಹತ್ತಿದ. ಮೆಣಸಿನಕಾಯಿ ಚೀಲ, ಎರಡು ಕೋಳಿ, ಲೆಕ್ಕವಿಲ್ಲದಷ್ಟು ಮಂದಿ. ಎಲ್ಲರೂ ಅವನ ಬಲಭುಜಕ್ಕೇ ಒರಗಿದ್ದರು. ಹೊಲಗಳ ನಡುವೆ ಗಾಡಿ ಎತ್ತಿ ಕುಕ್ಕುವಾಗ ಅವನಿಗೆ ಡಾಕ್ಟರು ಕೇಳಿದ ಮಾತೇ ಮತ್ತೆ ಮತ್ತೆ ನೆನಪಾಯಿತು. ಐವತ್ತು ದಾಟಿದ ಗಂಡಸು, ಈತನಕ ಒಂದು ವಿಷಯಕ್ಕೂ ತಾನಾಗಿ ಕೈ ಎತ್ತಿದವನಲ್ಲ. ಮದುವೆ ಅಪ್ಪ ಆರಿಸಿದ್ದು, ಎಮ್ಮೆ ಮೈಲಾರವ್ವ ಆರಿಸಿದ್ದು, ನಿರ್ದೇಶಕನ ಕುರ್ಚಿ ಓಣಿಯವರು ತಳ್ಳಿದ್ದು. ಗೌರೀಶ ಕಾರಿನಲ್ಲಿ ಕೂರಿಸಿಕೊಂಡು ಬಂದ, ನಡುವೆಯೇ ಬಿಟ್ಟು ಹೋದ. ಕಾಶಿನಾಥ ಜಗ್ಗಿ ನೋಯಿಸಿದ ಖರೆ, ಆದರೆ ನೋವಾಯಿತೇನು ಅಂತ ಕೇಳಿದ. ದಾರಿ ಹೋದರೆ ಹೋಗಲಿ, ಎಮ್ಮೆಗಳನ್ನು ಸುತ್ತು ಹಾಕಿ ಹೊಡೆದರಾಯಿತು. ಊರ ಅಗಸಿ ಬಾಗಿಲು ಕಾಣಿಸುವ ಹೊತ್ತಿಗೆ ಸಣ್ಣಪ್ಪ ನಿರ್ಧಾರ ಮಾಡಿಬಿಟ್ಟಿದ್ದ. ಕಾಶಿನಾಥನಿಗೆ ಕೈ ಎತ್ತುವುದು, ಕೈ ಕಿತ್ತು ಬಂದರೂ ಸರಿ.

ಟಂಟಂ ಇಳಿದು ಓಡಿದ. ಸಭೆ ಶುರುವಾಗಿತ್ತು. ಸೊಸಾಯಿಟಿಯ ಕೋಣೆಯಲ್ಲಿ ಹಾಲು ತಣ್ಣಗೆ ಮಾಡುವ ಯಂತ್ರ ಗುರುಗುಡುತ್ತಿತ್ತು. ಪಟ್ಟಣದಿಂದ ಬಂದ ಅಧಿಕಾರಿ ನಿಂತು ಏನೋ ಓದುತ್ತಿದ್ದರು. ಬಾಗಿಲಲ್ಲಿ ಏದುಸಿರು ಬಿಡುತ್ತ ನಿಂತ ಸಣ್ಣಪ್ಪನಿಗೆ ಮೊದಲು ಕಾಶಿನಾಥ ಅನ್ನುವ ಹೆಸರು ಕೇಳಿಸಿತು. ನಡುವಿನ ಮಾತನ್ನು ಯಂತ್ರ ನುಂಗಿತು. ಕೊನೆಗೆ ಸ್ಪಷ್ಟವಾಗಿ ಕೇಳಿಸಿದ್ದು ಎರಡೇ ಪದ.

"ಕೈ ಎತ್ತಿ."

ಸಣ್ಣಪ್ಪ ಹಲ್ಲು ಕಚ್ಚಿ ಬಲಗೈ ಎತ್ತಿದ. ಎದೆಮಟ್ಟದಲ್ಲಿ ಅದು ಎಂದಿನಂತೆ ತಡೆದು ನಿಂತಿತು. ಅವನು ಬಿಡಲಿಲ್ಲ. ಭುಜದೊಳಗೆ ಒಂದು ಗಂಟು ಬಿಚ್ಚಿದಂತಾಯಿತು, ಕೈ ಕಿವಿ ದಾಟಿ ನೆಟ್ಟಗೆ ತೊಲೆಯ ಕಡೆ ಹೋಯಿತು. ವರ್ಷದ ಮೇಲೆ ತನ್ನ ಅಂಗೈಯನ್ನು ತಲೆಯ ಮೇಲೆ ಕಂಡು ಅವನ ಮುಖ ಅರಳಿತು.

ಕೋಣೆಯಲ್ಲಿ ಇನ್ನೊಂದು ಕೈಯೂ ಮೇಲಿರಲಿಲ್ಲ.

ಆಗ ಅವನಿಗೆ ಕಂಡಿತು. ಕಾಶಿನಾಥ ಮತ್ತು ಗೌರೀಶ ಒಂದೇ ಬೆಂಚಿನ ಮೇಲೆ ಕೂತಿದ್ದರು. ಒಂದೇ ತಟ್ಟೆಯಿಂದ ಮಂಡಕ್ಕಿ ತಿನ್ನುತ್ತಿದ್ದರು. ಬೆಳಗಿನ ಆ ಫೋನು ಕಾಶಿನಾಥನದು. ಮೊದಲು ನಾನಾಗುತ್ತೇನೆ, ಆಮೇಲೆ ನೀನಾಗು, ಅವಿರೋಧ ಆಯ್ಕೆಯಾಗಿ ಊರ ಮುಂದೆ ಮಾನ ಉಳಿಯಲಿ ಅಂತ ಇಬ್ಬರೂ ರಾಜಿಯಾಗಿದ್ದರು. ಗೌರೀಶನ ಕಡೆಯವರು ಹಾರ ತರಿಸಿದ್ದರು, ಫೋಟೋದವನೂ ಬಂದಿದ್ದ. ಅಧಿಕಾರಿ ಕೇಳಿದ್ದು, ಕಾಶಿನಾಥ ಅವರ ಆಯ್ಕೆಗೆ ಯಾರದಾದರೂ ವಿರೋಧವಿದ್ದರೆ ಕೈ ಎತ್ತಿ ಅಂತ.

"ವಿರೋಧ ಒಂದು" ಅಂದರು ಅಧಿಕಾರಿ.

"ಇಲ್ರಿ ಸಾಹೇಬ್ರ, ನಾ ಪರವಾಗಿ ಎತ್ತೀನ್ರಿ."

"ಪರವಾಗಿದ್ದರೆ ಕೈ ಇಳಿಸಿ."

ಸಣ್ಣಪ್ಪ ಇಳಿಸಲು ನೋಡಿದ. ಕೈ ಇಳಿಯಲಿಲ್ಲ. ಮೇಲೆ ಹೋಗುವಾಗ ಬಿಚ್ಚಿದ ಗಂಟು ಮೇಲೆ ಹೋಗಿ ಬಿಗಿದುಕೊಂಡಿತ್ತು. ಎಡಗೈಯಿಂದ ಹಿಡಿದು ಜಗ್ಗಿದರೆ ಪ್ರಾಣ ಹೋದಂತಾಯಿತು. ಅವನು ತುಟಿ ಕಚ್ಚಿ ತಲೆ ಅಲ್ಲಾಡಿಸಿದ. ಅಧಿಕಾರಿಗೆ ಅದು ಹಟವಾಗಿ ಕಂಡಿತು. ಅವಿರೋಧ ಅಂತ ಬರೆಯಲು ಬರುವುದಿಲ್ಲ, ಬಹುಮತ ಅಂತ ಬರೆಯುತ್ತೇನೆ ಅಂದರು. ಪರವಾಗಿ ಇದ್ದವರು ಕೈ ಎತ್ತಲಿ ಅಂದಾಗ ಎಲ್ಲರ ಕೈ ಎದ್ದವು, ಸಣ್ಣಪ್ಪನದು ಹೇಗೂ ಮೇಲೆಯೇ ಇತ್ತು. ಎರಡೂ ಕಡೆ ಕೈ ಎತ್ತುವಂತಿಲ್ಲ ಅಂತ ಅದನ್ನು ಎಣಿಸಲಿಲ್ಲ. ಫೋಟೋದವನು ಮಾತ್ರ ಆ ಕೈಯ ಫೋಟೋ ಬಿಡದೆ ತೆಗೆದುಕೊಂಡ.

ಕಾಶಿನಾಥ ಕೊರಳಲ್ಲಿ ಹಾರ ಹಾಕಿಕೊಂಡು ಎದುರಿಗೆ ಬಂದು ನಿಂತ. ಸಿಟ್ಟಿಗಿಂತ ದುಃಖವೇ ಹೆಚ್ಚಿತ್ತು. "ನಿನ್ನ ಭುಜಕ್ಕ ನಾ ಕೈಯಾರೆ ಶಾಖ ಕೊಟ್ಟಿದ್ನಲ್ಲೋ" ಅಂದ. ಗೌರೀಶ ಅವನ ಹೆಗಲ ಮೇಲೆ ಕೈ ಹಾಕಿ ಸಮಾಧಾನ ಹೇಳುತ್ತ ಹೊರಗೆ ಕರೆದೊಯ್ದ. ಸಣ್ಣಪ್ಪನಿಂದಾಗಿ ಅವರಿಬ್ಬರ ಸ್ನೇಹ ಇನ್ನಷ್ಟು ಗಟ್ಟಿಯಾಯಿತು.

ಮಂದಿ ಕರಗಿತು. ಪೇಢೆ ಹಂಚುವವನು ಬಂದು, ಚಾಚಿದ ಕೈ ಕಂಡು, ಮೇಲಿದ್ದ ಅಂಗೈಯಲ್ಲಿ ಒಂದು ಪೇಢೆ ಇಟ್ಟು ಹೋದ. ಕಿಟಕಿಯಾಚೆ ಇಬ್ಬರ ಮಾತು ಕೇಳಿಸುತ್ತಿತ್ತು. ನಾಳೆಯಿಂದ ಆ ಕಡೆಯ ನಲ್ಲಿ ಬಂದ್ ಮಾಡುತ್ತೇನೆ ಅಂದ ಒಬ್ಬ. ಹಿತ್ತಲಿಗೆ ಬೇಲಿ ಹಾಕಿಸುತ್ತೇನೆ ಅಂದ ಇನ್ನೊಬ್ಬ.

ಎಲ್ಲ ಸಪ್ಪಳ ನಿಂತ ಮೇಲೆ ಭುಜದ ಬಿಗಿ ತಾನಾಗಿ ಬಿಟ್ಟಿತು. ಕೈ ನಿಧಾನವಾಗಿ, ಏನೂ ಆಗಿಲ್ಲ ಅನ್ನುವಂತೆ ಕೆಳಗಿಳಿದು ಬಾಯಿಯ ಮಟ್ಟಕ್ಕೆ ಬಂದು ನಿಂತಿತು. ಅಷ್ಟು ಹತ್ತಿರ ಬಂದದ್ದನ್ನು ಬಿಡಬಾರದು ಅಂತ ಸಣ್ಣಪ್ಪ ಪೇಢೆ ತಿಂದ. ಸಕ್ಕರೆ ಸಾಲದಾಗಿತ್ತು.