ರೆಸ್ಯೂಮ್‌ನಲ್ಲಿ ದೊಡ್ಡಮ್ಮ ಬಿಟ್ಟ ಸಾಲುಗಳು

ಇದರಲ್ಲಿ ಕೆಲವು ವಿವರಗಳು ತಪ್ಪಿರಬಹುದು, ಮೊದಲೇ ಹೇಳಿಬಿಡುತ್ತೇನೆ. ನನಗೆ ದಿನಚರಿ ಬರೆಯುವ ಅಭ್ಯಾಸವಿದೆ, ನಿಜ. ಆದರೆ ನಡೆದದ್ದನ್ನು ಬರೆಯುತ್ತೇನೋ, ಬರೆದದ್ದೇ ನಡೆಯಿತು ಎಂದುಕೊಳ್ಳುತ್ತೇನೋ ಎಂಬ ಅನುಮಾನ ಇತ್ತೀಚೆಗೆ ಬಲವಾಗಿದೆ. ಒಂದು ಸಂಗತಿಯಲ್ಲಿ ಮಾತ್ರ ಅನುಮಾನವಿಲ್ಲ: ಬಸವೇಶ್ವರನಗರದ ನಮ್ಮ ರಸ್ತೆಯಲ್ಲಿ ಕೆಲಸ ಹುಡುಕುವವರು ಯಾರೂ ಇಂಟರ್‌ವ್ಯೂಗೆ ಹೆದರುವುದಿಲ್ಲ. ನಮ್ಮ ದೊಡ್ಡಮ್ಮನನ್ನು ದಾಟಿ ಬಂದವರಿಗೆ ಇಂಟರ್‌ವ್ಯೂ ಯಾವ ಲೆಕ್ಕ!

ದೊಡ್ಡಮ್ಮ ಎಂದರೆ ನನ್ನ ಅಮ್ಮನ ಅಕ್ಕ. ತಮ್ಮ ಮನೆಯ ಮುಂದಿನ ಕೋಣೆಯಲ್ಲಿ ವರ್ಷಾನುಗಟ್ಟಲೆ ಟೈಪಿಂಗ್ ಇನ್‌ಸ್ಟಿಟ್ಯೂಟ್ ನಡೆಸಿದವರು. ಕಂಪ್ಯೂಟರ್ ಬಂದು ಅದು ಮುಚ್ಚಿತು, ಮೆಷಿನ್‌ಗಳೆಲ್ಲ ಗುಜರಿಗೆ ಹೋದವು. ಒಂದು ಮಾತ್ರ ಕಿಟಕಿಯ ಪಕ್ಕ ಉಳಿಯಿತು. ಈಗ ಅದರ ಮುಂದೆ ಕೂತು ಊರಿನವರಿಗೆಲ್ಲ ರೆಸ್ಯೂಮ್ ಮಾಡಿಕೊಡುತ್ತಾರೆ. ಮೊಬೈಲ್‌ಗೆ ಹೇಳಿದರೆ ಅರ್ಧ ನಿಮಿಷದಲ್ಲಿ ಅದೇ ಬರೆದುಕೊಡುವ ಈ ಕಾಲದಲ್ಲಿ ಇವರ ಹತ್ತಿರ ಯಾಕೆ ಬರುತ್ತಾರೆ ಅನ್ನುತ್ತೀರಾ? ಹುಡುಗರೆಲ್ಲಿ ಬರುತ್ತಾರೆ? ಅವರ ಅಮ್ಮಂದಿರು ಅಟ್ಟುತ್ತಾರೆ!

ದೊಡ್ಡಮ್ಮನ ಪದ್ಧತಿಯೇ ಬೇರೆ. ಮೊದಲ ಪ್ರತಿ ಟೈಪ್‌ರೈಟರ್‌ನಲ್ಲೇ ಆಗಬೇಕು, ಕಂಪ್ಯೂಟರ್ ಅಂಗಡಿ ಆಮೇಲೆ. “ಕಂಪ್ಯೂಟರಲ್ಲಿ ಸುಳ್ಳು ಬರೆದು ಅಳಿಸ್ಬೋದು. ಇಲ್ಲಿ ಒಂದು ಸುಳ್ಳಿಗೆ ಇಡೀ ಹಾಳೆ ಮತ್ತೆ ಹೊಡೀಬೇಕು. ನನ್ನ ಬೆರಳು ಮುಫತ್ತಿಗೆ ಬಂದಿಲ್ಲ” ಎನ್ನುವುದು ಅವರ ವಾದ. ಆದ್ದರಿಂದ ಪ್ರತಿ ಸಾಲಿಗೂ ವಿಚಾರಣೆ. ಹೈಕೋರ್ಟಿನಲ್ಲೂ ಹೀಗೆ ಇರಲಾರದು!

ಮಹಡಿಯ ಪೋರ್ಷನ್‌ನಲ್ಲಿ ಬಾಡಿಗೆಗಿದ್ದ ಹುಡುಗ ಮೊಬೈಲ್‌ನಿಂದ ಬರೆಸಿದ ಎರಡು ಪುಟ ತಂದಿದ್ದ. ದೊಡ್ಡಮ್ಮ ಕನ್ನಡಕ ಏರಿಸಿದರು.

“‘ಹಾರ್ಡ್ ವರ್ಕಿಂಗ್’ ಅಂತ ಹಾಕಿದೀಯಲ್ಲ, ಬೆಳಿಗ್ಗೆ ಎಷ್ಟೊತ್ತಿಗೆ ಏಳ್ತೀಯಪ್ಪ?”

“ಒಂಬತ್ತು... ಒಂಬತ್ತೂವರೆ, ಆಂಟಿ.”

“ನೀರು ಬರೋದು ಆರಕ್ಕೆ. ಮೋಟರ್ ಹಾಕೋರು ಯಾರು?”

“ನೀವೇ, ಆಂಟಿ.”

“ಹಂಗಾದ್ರೆ ಹಾರ್ಡ್ ವರ್ಕಿಂಗ್ ನಾನು. ನಿನ್ನ ರೆಸ್ಯೂಮಲ್ಲಿ ನನ್ನನ್ಯಾಕಪ್ಪ ಹಾಕಿದೀಯಾ?”

ಮುಂದಿನ ಸಾಲು ‘ಟೀಮ್ ಪ್ಲೇಯರ್’. ಅದನ್ನು ಓದುವಷ್ಟರಲ್ಲಿ ಅವನ ರೂಮ್‌ಮೇಟ್ ಮೆಟ್ಟಿಲಿಂದಲೇ ಕೂಗಿದ: “ನಂಬ್ಬೇಡಿ ಆಂಟಿ! ಒಂದಿನಾನೂ ಪಾತ್ರೆ ತೊಳ್ದಿಲ್ಲ ಇವ್ನು!”

“ಮಗಾ, ಸುಮ್ನಿರೋ!”

ಎರಡು ಪುಟ ಐದು ಸಾಲಿಗೆ ಇಳಿಯಿತು. ಹುಡುಗನ ಮುಖವೂ ಅಷ್ಟೇ ಇಳಿಯಿತು. ಆಗ ದೊಡ್ಡಮ್ಮ, “ರಸ್ತೆಯವರ ಗಾಡಿ ಎಲ್ಲಾ ರಿಪೇರಿ ಮಾಡ್ಕೊಡ್ತೀಯಲ್ಲ, ಅದೆಲ್ಲಿ?” ಎಂದರು. “ಅದು ಸ್ಕಿಲ್ ಅಲ್ಲ ಆಂಟಿ, ಸುಮ್ನೆ.” ದೊಡ್ಡಮ್ಮ ಆರನೆಯ ಸಾಲು ಹೊಡೆದರು. ಅವನಿಗೆ ಬೈಕ್ ಶೋರೂಮಿನ ಸರ್ವಿಸ್ ವಿಭಾಗದಲ್ಲಿ ಕೆಲಸ ಸಿಕ್ಕಿತು. ಆರನೆಯ ಸಾಲಿನಿಂದಲೇ ಎಂದು ಅವನು ಹೇಳುತ್ತಾನೆ. ಅವತ್ತು ಇಂಟರ್‌ವ್ಯೂಗೆ ಬೇರೆ ಯಾರೂ ಬಂದಿರಲಿಲ್ಲ ಎಂದು ರೂಮ್‌ಮೇಟ್ ಹೇಳುತ್ತಾನೆ.

ನಂದಿನಿ ಲೇಔಟ್‌ನಿಂದ ಒಬ್ಬ ಹುಡುಗಿ ತಾಯಿಯ ಜೊತೆ ಬಂದಿದ್ದಳು. ‘ಕಮ್ಯುನಿಕೇಶನ್ ಸ್ಕಿಲ್ಸ್ ಅತ್ಯುತ್ತಮ’ ಎಂದಿತ್ತು. ಹೆಸರೇನಮ್ಮ ಅಂದರೆ ತಾಯಿ ಉತ್ತರಿಸಿದರು, ಏನು ಓದಿದೀಯಾ ಅಂದರೆ ತಾಯಿ, ಕಾಫಿ ಕುಡೀತೀಯಾ ಅಂದರೂ ತಾಯಿ! ದೊಡ್ಡಮ್ಮ ಇನ್ನೊಂದು ಹಾಳೆ ಸಿಕ್ಕಿಸಿ, “ನಿಮ್ಮ ಹೆಸರೇನಮ್ಮಾ? ಕಮ್ಯುನಿಕೇಶನ್ ನಿಮ್ಮ ರೆಸ್ಯೂಮಿಗೆ ಹಾಕ್ತೀನಿ” ಎಂದರು. ಹುಡುಗಿ ಕಿಸಕ್ಕನೆ ನಕ್ಕಳು. ನನಗೆ ನೆನಪಿರುವಂತೆ ಅವಳ ಬಾಯಿಂದ ಬಂದ ಮೊದಲ ಸದ್ದು ಅದೇ.

ಮೂಡಲಪಾಳ್ಯದಿಂದ ಬಂದ ಗಾರ್ಮೆಂಟ್ಸ್ ಹೆಂಗಸಿನ ಕಥೆ ಇದಕ್ಕೆ ತದ್ವಿರುದ್ಧ. ‘ಅನುಭವ’ದ ಮುಂದೆ ಖಾಲಿ ಬಿಟ್ಟಿದ್ದರು.

“ಟೈಲರ್ ಅಷ್ಟೇ ಆಂಟಿ. ಸೂಪರ್‌ವೈಸರ್ ಬರದೇ ಇದ್ದಾಗ ಲೈನ್ ಸುಮ್ನೆ ನೋಡ್ಕೋತಿದ್ದೆ.”

“ಲೈನಲ್ಲಿ ಎಷ್ಟು ಜನ?”

“ಮೂವತ್ತು.”

“ಸೂಪರ್‌ವೈಸರ್ ಎಷ್ಟು ದಿನ ಬರ್ತಿರ್ಲಿಲ್ಲ?”

“ಅವ್ರು ಬರ್ತಾನೇ ಇರ್ಲಿಲ್ಲ, ಆಂಟಿ.”

“ಅದಕ್ಕೆ ಸುಮ್ನೆ ಅಂತಾರೇನೇ!” ಎಂದು ದೊಡ್ಡಮ್ಮ ಗದರಿದ ರಭಸಕ್ಕೆ ಪಕ್ಕದ ಮನೆಯ ಕುಕ್ಕರ್ ಕೂಗಿತು. ಸರಿ, ಅದು ಕಾಕತಾಳೀಯವಿರಬಹುದು.

ಇಂಥವರ ಮುಂದೆ ಒಂದು ದಿನ ನಾನೂ ಕೂರಬೇಕಾಯಿತು. ರಾಜಾಜಿನಗರದ ಪಠ್ಯಪುಸ್ತಕ ಪ್ರಕಾಶನವೊಂದರಲ್ಲಿ ಕರಡು ತಿದ್ದುವ ಕೆಲಸ ಖಾಲಿ ಇತ್ತು. ಅಲ್ಪವಿರಾಮ ತಪ್ಪಿದ್ದರೆ ಮದುವೆ ಪತ್ರಿಕೆಯನ್ನೂ ತಿದ್ದಿ ಬೈಸಿಕೊಳ್ಳುವ ನನಗೆ ಅದಕ್ಕಿಂತ ಒಪ್ಪುವ ಕೆಲಸ ಇನ್ನೊಂದಿಲ್ಲ. ಅದಾಗಲೇ ಮೂರು ಕಡೆ ನನ್ನನ್ನು ಬೇಡವೆಂದಿದ್ದರು. ಮೂರೂ ಕಡೆ ಒಂದೇ ಪ್ರಶ್ನೆ: ನಡುವೆ ನಾಲ್ಕು ವರ್ಷ ಏನು ಮಾಡಿದಿರಿ? ಇದೂ ಕೈತಪ್ಪಿದರೆ ಇನ್ನು ಎಲ್ಲಿಗೂ ಅರ್ಜಿ ಹಾಕುವುದಿಲ್ಲ ಎಂದು ದಿನಚರಿಯಲ್ಲಿ ಬರೆದು ಅಡಿಗೆರೆ ಎಳೆದಿದ್ದೆ. ಈ ಸಲ ಆ ಜಾಗಕ್ಕೆ ಚೆಂದದ ಹೆಸರೊಂದನ್ನು ಕೊಟ್ಟಿದ್ದೆ.

“‘ಸ್ವತಂತ್ರ ಸಂಶೋಧಕಿ’ ಅಂದ್ರೆ ಏನೇ?”

“ಪಿಎಚ್‌ಡಿ ಮಾಡ್ತಿದ್ನಲ್ಲ, ದೊಡ್ಡಮ್ಮ.”

“ಮುಗೀತಾ?”

“ಇಲ್ಲ.”

“ಎಷ್ಟು ಅಧ್ಯಾಯ ಬರೆದೆ?”

“ಒಂದು. ಪೂರ್ತಿ ಅಲ್ಲ.”

“ಸಂಶೋಧನೆ ನಿನ್ನಿಂದ ಸ್ವತಂತ್ರವಾಗಿತ್ತು ಅನ್ನು!”

ನನಗೆ ನಗುವೂ ಬಂತು, ಅಳುವೂ ಬಂತು. “ಏನೂ ಮಾಡ್ಲಿಲ್ಲ ಅಂತ ಹಾಕ್ಬಿಡಿ ದೊಡ್ಡಮ್ಮ. ಅದೇ ನಿಜ!” ಎಂದೆ.

ಅವರು ಹೊಸ ಹಾಳೆ ಏರಿಸಿದರು. ಒಂದು ಪ್ರಶ್ನೆಯನ್ನೂ ಕೇಳದೆ ಟಕಟಕ ಹೊಡೆದರು. ಅವರ ನೆಟ್ಟಗಿನ ಇಂಗ್ಲಿಷಿನಲ್ಲಿದ್ದ ಆ ಸಾಲುಗಳ ಅರ್ಥ ಇಷ್ಟು: ‘ಈ ನಾಲ್ಕು ವರ್ಷ ಇವಳು, ಗಂಡ ತೀರಿಕೊಂಡು ಒಂಟಿಯಾಗಿದ್ದ ಹೆಂಗಸೊಬ್ಬಳ ಮನೆಗೆ ದಿನವೂ ಮಧ್ಯಾಹ್ನ ಹೋಗಿ ಜೊತೆಗಿದ್ದಳು. ಒಂದು ದಿನವೂ ತಪ್ಪಿಸಲಿಲ್ಲ. ಆ ಹೆಂಗಸು ಮತ್ತೆ ಅಡುಗೆ ಮಾಡಲು, ಮೆಷಿನ್ನಿನ ಮುಂದೆ ಕೂರಲು ಶುರುಮಾಡಿದ್ದು ಇವಳಿಂದ.’ ಕೆಳಗೆ ತಮ್ಮ ರುಜು ಹಾಕಿದರು.

ದೊಡ್ಡಪ್ಪ ಹೋದದ್ದು ನಾನು ಪಿಎಚ್‌ಡಿಗೆ ಸೇರಿದ ವರ್ಷವೇ, ಅದು ಸರಿ. ಆದರೆ ನನ್ನ ನೆನಪಿನಲ್ಲಿ ನಾನು ಆ ಮನೆಗೆ ಹೋಗುತ್ತಿದ್ದದ್ದು ಪ್ರಬಂಧ ಬರೆಯುವುದರಿಂದ ತಪ್ಪಿಸಿಕೊಳ್ಳಲು. ಹಳೆಯ ದಿನಚರಿ ತೆಗೆದು ನೋಡಿದೆ. ಪುಟದ ಮೇಲೆ ಪುಟ ಒಂದೇ ಸಾಲು: ‘ಇವತ್ತೂ ಏನೂ ಬರೆಯಲಿಲ್ಲ. ದೊಡ್ಡಮ್ಮನ ಮನೆಯಲ್ಲಿ ನಿದ್ದೆ.’

ಇಂಟರ್‌ವ್ಯೂನಲ್ಲಿ ಹಿರಿಯರೊಬ್ಬರು ಆ ಸಾಲುಗಳನ್ನು ಎರಡು ಸಲ ಓದಿದರು. “ಇದು ನಿಜವೇನಮ್ಮಾ?” ಎಂದರು. ಹೌದು ಎಂದೆ. ಮುಂದಿನ ವಾರ ಕೆಲಸಕ್ಕೆ ಸೇರಿದೆ.

ಸೇರಿದ ಮೊದಲ ಭಾನುವಾರ ದೊಡ್ಡಮ್ಮನ ಎದುರು ಕೂತು ಕೇಳಿದೆ. ಅವರು ಕೈಯಲ್ಲಿದ್ದ ಹಾಳೆಯನ್ನು ಮೆಷಿನ್ನಿಗೆ ಸೇರಿಸಿ, ಅಂಚು ನೇರ ಮಾಡಿ, ಮತ್ತೆ ತೆಗೆದು, ಮತ್ತೆ ಸೇರಿಸಿದರು. ಅಷ್ಟೇ. ಆಮೇಲೆ ಎಷ್ಟೋ ಭಾನುವಾರಗಳು ಹೋದವು, ಉತ್ತರ ಮಾತ್ರ ಬಂದಿಲ್ಲ. ನಾನು ಕೇಳಿದ್ದು ಇಷ್ಟೇ:

“ದೊಡ್ಡಮ್ಮ, ನಾನು ಬಂದು ಮಲಗ್ತಿದ್ದೆ ಅಷ್ಟೇ ಅಲ್ವಾ? ನೀವು ಬರೆದಿದ್ದು ನಿಜಾನಾ, ಇಲ್ಲಾ ನನಗೋಸ್ಕರ ಒಂದೇ ಒಂದು ಸಲ ಸುಳ್ಳು ಟೈಪ್ ಮಾಡಿದ್ರಾ?”